ನೋಡಲು ಚೆನ್ನಾಗಿರುವ ಹುಡುಗನ ರೋಗ

ಎರಡು ವರ್ಷಗಳ ಹಿಂದಿನ ರಮಝಾನ್. ಅಸರ್ ಅಝಾನ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಹಿರೇಕೆರೂರಿನ ನಮ್ಮ ಮೊಹಲ್ಲಾದ ಮಸೀದಿಯ ವುಝೂ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಮಗ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು, ಅದರಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು ನಲ್ಲಿಯ ನೀರು ಕುಡಿದ. ಆಗ ಅವನಿಗೆ 13 ವರ್ಷ. ವಯಸ್ಸಿಗೆ ಮೀರಿದ ಎತ್ತರ, ಲಕ್ಷಣವಾದ ಮುಖ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, "ಇಷ್ಟು ದೊಡ್ಡವನಾಗಿದ್ದೀಯ, ಮಸೀದಿಯೊಳಗೇ ತಿನ್ನಲು ನಾಚಿಕೆಯಾಗುವುದಿಲ್ಲವೇ?" ಎಂದರು. ಮಗ ಉತ್ತರ ಕೊಡಲಿಲ್ಲ. ಮನೆಗೆ ಬಂದು ನಮಗೂ ಹೇಳಲಿಲ್ಲ.

ಮರುದಿನ ಅವನು ನಮಗೆ ಗೊತ್ತಾಗದಂತೆ ಉಪವಾಸ ಹಿಡಿದ. ಏನೂ ತಿನ್ನದವನಿಗೆ ಇನ್ಸುಲಿನ್ ಏಕೆ ಎಂದು ತಾನೇ ಲೆಕ್ಕ ಹಾಕಿ ಹಿಂದಿನ ರಾತ್ರಿಯಿಂದಲೇ ಚುಚ್ಚುಮದ್ದು ಬಿಟ್ಟಿದ್ದ. ಕೇಳಿದಾಗ "ಹಾಕಿಕೊಂಡೆ" ಎಂದಿದ್ದ. ಮಗ್ರಿಬ್‌ಗೆ ಮುಂಚೆಯೇ ವಾಂತಿ ಶುರುವಾಯಿತು. ಉಸಿರು ಜೋರಾಯಿತು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂತು. ರಾಣೆಬೆನ್ನೂರು ದಾಟಿ ದಾವಣಗೆರೆಯ ಆಸ್ಪತ್ರೆ ಸೇರುವಾಗ ಅವನಿಗೆ ಸರಿಯಾದ ಎಚ್ಚರವಿರಲಿಲ್ಲ. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು, ಅಲ್ಲಾಹನ ಕೃಪೆಯಿಂದ ಬದುಕಿ ಬಂದ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಮಗನಿಗಿರುವ ಟೈಪ್ ಒನ್ ಮಧುಮೇಹ ಕಣ್ಣಿಗೆ ಕಾಣುವ ರೋಗವಲ್ಲ. ಊರುಗೋಲಿಲ್ಲ, ಕೆಮ್ಮಿಲ್ಲ, ಮೈಮೇಲೆ ಗಾಯವಿಲ್ಲ. ಕಾಣದ ರೋಗವನ್ನು ಜನ ನಂಬುವುದು ಕಷ್ಟ. ಆ ಅಪನಂಬಿಕೆಯಿಂದ ಒಂದು ಜೀವ ಹೋಗುವುದರಲ್ಲಿತ್ತು. ಆದ್ದರಿಂದ ನಾವು ಗಂಡ ಹೆಂಡತಿ ಇಬ್ಬರೂ ಕುಳಿತು, ಆರು ವರ್ಷಗಳಲ್ಲಿ ಕಲಿತದ್ದನ್ನು ಈ ಪತ್ರಿಕೆಯ ಓದುಗರ ಮುಂದೆ ಇಡುತ್ತಿದ್ದೇವೆ.

ಇದು ಅಜ್ಜ ಅಜ್ಜಿಯರ ಸಕ್ಕರೆ ಕಾಯಿಲೆಯಲ್ಲ

ಮಗನನ್ನು ಗದರಿಸಿದ ಹಿರಿಯರು ವಿಷಯ ತಿಳಿದ ಮೇಲೆ ಮನೆಗೆ ಬಂದರು. ಕಣ್ಣಲ್ಲಿ ನೀರಿತ್ತು. "ನನಗೂ ಇಪ್ಪತ್ತು ವರ್ಷದಿಂದ ಶುಗರ್ ಇದೆ. ಮಾತ್ರೆ ನುಂಗಿ ಮೂವತ್ತು ರೋಝಾ ಹಿಡಿಯುತ್ತೇನೆ. ಈ ಹುಡುಗನಿಗೇನು ಕಷ್ಟ ಎಂದುಕೊಂಡೆ" ಎಂದರು. ಅವರ ಮಾತಿನಲ್ಲೇ ತಪ್ಪಿನ ಬೇರು ಇತ್ತು. ಹೆಸರು ಒಂದೇ ಆದರೂ ರೋಗ ಎರಡು.

ನಮ್ಮ ಊರುಗಳಲ್ಲಿ ಮನೆಗೊಬ್ಬರಂತೆ ಕಾಣುವುದು ಟೈಪ್ ಟು ಮಧುಮೇಹ. ಅವರ ದೇಹದಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಸಾಲುವುದಿಲ್ಲ. ಪಥ್ಯ, ನಡಿಗೆ, ಮಾತ್ರೆಗಳಿಂದ ಬಹಳಷ್ಟು ಜನ ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ. ಟೈಪ್ ಒನ್ ಹಾಗಲ್ಲ. ಸೋಂಕುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಶುರುವಾಗುತ್ತದೆ, ದೊಡ್ಡವರಿಗೂ ಬರಬಹುದು. ಸಿಹಿ ಹೆಚ್ಚು ತಿಂದದ್ದರಿಂದ ಬರುವುದಲ್ಲ, ತಾಯಿ ಬಸಿರಲ್ಲಿ ಮಾಡಿದ ಯಾವುದೋ ತಪ್ಪಿನಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಇನ್ಸುಲಿನ್ ಒಂದು ಬೀಗದ ಕೈ ಇದ್ದ ಹಾಗೆ. ಊಟದಿಂದ ಬಂದ ಸಕ್ಕರೆ ರಕ್ತದಲ್ಲಿದ್ದರೂ ಆ ಕೈ ಇಲ್ಲದೆ ಸ್ನಾಯುಗಳ ಬಾಗಿಲು ತೆರೆಯುವುದಿಲ್ಲ. ಉಗ್ರಾಣ ತುಂಬಿದ್ದರೂ ಮನೆಯವರು ಹಸಿದಂತೆ ಆಗುತ್ತದೆ. ಆಗ ದೇಹ ತನ್ನ ಕೊಬ್ಬನ್ನೇ ಕರಗಿಸಿ ಸುಡಲು ತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಅದೇ ನಮ್ಮ ಮಗನಿಗೆ ಆ ದಿನ ಆದದ್ದು.

ಇಲ್ಲಿ ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ಊಟ ಮಾಡದಿದ್ದರೂ ಇನ್ಸುಲಿನ್ ಬೇಕು. ಹೊಟ್ಟೆ ಖಾಲಿಯಿದ್ದಾಗ ಯಕೃತ್ತು ತಾನೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅದನ್ನು ತಡೆಯಲು ದಿನದ ಇಪ್ಪತ್ತನಾಲ್ಕು ಗಂಟೆಯೂ ಸ್ವಲ್ಪ ಇನ್ಸುಲಿನ್ ಇರಲೇಬೇಕು. ಉಪವಾಸವಿರಲಿ, ಜ್ವರ ಬಂದು ಊಟ ಸೇರದಿರಲಿ, ಪ್ರಮಾಣ ಬದಲಾಗಬಹುದು, ಪೂರ್ತಿ ನಿಲ್ಲಿಸುವಂತಿಲ್ಲ.

ಗುರುತು ಹಿಡಿಯದ ಹದಿನೈದು ದಿನ

ಮಗನಿಗೆ 9 ವರ್ಷವಿದ್ದಾಗ ರೋಗ ಕಾಣಿಸಿಕೊಂಡಿತು. ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದ, ಕೆಲವೊಮ್ಮೆ ಹಾಸಿಗೆಯಲ್ಲೇ ಆಗುತ್ತಿತ್ತು. ಎರಡು ರೊಟ್ಟಿ ತಿನ್ನುವವನು ನಾಲ್ಕು ತಿಂದರೂ ಅಂಗಿ ಸಡಿಲವಾಗುತ್ತಾ ಹೋಯಿತು. ಬೇಸಿಗೆ, ಅದಕ್ಕೆ ಬಾಯಾರಿಕೆ ಎಂದೆವು. ಹುಳುವಿನ ಔಷಧ ಕೊಟ್ಟೆವು. ಯಾರೋ ದೃಷ್ಟಿಯಾಗಿದೆ ಎಂದರು, ಅದಕ್ಕೂ ನೀರು ಓದಿಸಿದೆವು. ಮೊದಲು ತೋರಿಸಿದ ಕಡೆ ಹೊಟ್ಟೆನೋವಿಗೆ ಮದ್ದು ಕೊಟ್ಟು ಕಳಿಸಿದರು. ಹದಿನೈದನೇ ದಿನ ಬೇರೊಬ್ಬ ವೈದ್ಯರು ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷಿಸಿದಾಗ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು.

ಅತಿ ಬಾಯಾರಿಕೆ, ಅತಿ ಮೂತ್ರ, ತೂಕ ಇಳಿಯುವುದು, ಸುಸ್ತು. ಈ ನಾಲ್ಕು ಒಟ್ಟಿಗೆ ಕಂಡರೆ ಯಾವ ಮಗುವಾದರೂ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ. ತಾಲೂಕು ಆಸ್ಪತ್ರೆಯಲ್ಲಿ ಒಂದು ನಿಮಿಷದ ಕೆಲಸ. ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟ ಸೇರಿದರೆ ಅದು ತುರ್ತು ಸ್ಥಿತಿ, ಬೆಳಗಾಗುವವರೆಗೆ ಕಾಯಬಾರದು.

ಇದು ತೀರಾ ಅಪರೂಪದ ರೋಗವೂ ಅಲ್ಲ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಲೆಕ್ಕದ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಹುಡುಗರಲ್ಲಿ 3.7 ಮಂದಿಗೆ, ಒಂದು ಲಕ್ಷ ಹುಡುಗಿಯರಲ್ಲಿ 4 ಮಂದಿಗೆ ಹೊಸದಾಗಿ ಈ ರೋಗ ಬರುತ್ತಿತ್ತು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಬಂದವರಿಗೆ ಅದು ಜೀವಮಾನವಿಡೀ ಇರುತ್ತದೆ, ವರ್ಷದಿಂದ ವರ್ಷಕ್ಕೆ ಅವರ ಸಂಖ್ಯೆ ಕೂಡುತ್ತಾ ಹೋಗುತ್ತದೆ.

ಒಂದು ದಿನ ಎಂದರೆ ಏನು

ಫಜ್ರ್‌ಗೆ ಎದ್ದ ಕೂಡಲೇ ಬೆರಳು ಚುಚ್ಚಿ ಪರೀಕ್ಷೆ. ಬಂದ ಅಂಕಿ ನೋಡಿ, ತಿನ್ನಬೇಕೆಂದಿರುವುದನ್ನು ನೋಡಿ, ಇನ್ಸುಲಿನ್ ಪ್ರಮಾಣ ಲೆಕ್ಕ ಹಾಕಬೇಕು. ಒಂದು ಜೋಳದ ರೊಟ್ಟಿಗೆ ಎಷ್ಟು, ಒಂದು ಬಟ್ಟಲು ಅನ್ನಕ್ಕೆ ಎಷ್ಟು, ಶಾಲೆಯಲ್ಲಿ ಇಂದು ಆಟದ ಅವಧಿ ಇದೆಯೋ ಇಲ್ಲವೋ. ಊಟಕ್ಕೆ ಮೊದಲು ಮೂರು ಚುಚ್ಚುಮದ್ದು, ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಂದು. ದಿನಕ್ಕೆ ನಾಲ್ಕು ಎಂದರೆ ವರ್ಷಕ್ಕೆ 1460. ಬೆರಳು ಚುಚ್ಚುವುದು ಅದರ ಮೇಲೆ ಬೇರೆ. ಹಬ್ಬದ ದಿನಕ್ಕೂ ರಜೆಯಿಲ್ಲ.

ಇಷ್ಟೆಲ್ಲ ಮಾಡಿದರೂ ನಿನ್ನೆಯ ಲೆಕ್ಕ ಇಂದು ಹೊಂದುವುದಿಲ್ಲ. ಪರೀಕ್ಷೆಯ ಆತಂಕಕ್ಕೆ ಸಕ್ಕರೆ ಏರುತ್ತದೆ, ಗೋವಿನಜೋಳದ ಹೊಲದಲ್ಲಿ ಅರ್ಧ ಗಂಟೆ ಓಡಾಡಿದರೆ ಇಳಿಯುತ್ತದೆ, ನೆಗಡಿ ಬಂದರೆ ಮತ್ತೆ ಏರುತ್ತದೆ. ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಮಗನ ಬೆರಳು ಚುಚ್ಚುವುದು ನಮ್ಮ ಮನೆಯ ತಾಯಿಗೆ ಎಷ್ಟೋ ವರ್ಷಗಳ ಅಭ್ಯಾಸ. ಬೆಳಿಗ್ಗೆ ಅದೇ ಹುಡುಗ ಸಮವಸ್ತ್ರ ಹಾಕಿ ಶಾಲೆಗೆ ನಡೆದಾಗ ನೋಡಿದವರಿಗೆ ಇದಾವುದೂ ಕಾಣುವುದಿಲ್ಲ.

ಇನ್ಸುಲಿನ್ ಕಾಪಾಡುವುದೂ ಒಂದು ಕೆಲಸ. ತೆರೆಯದ ಬಾಟಲಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ತೆರೆದದ್ದನ್ನು ಬಿಸಿಲು ತಾಗದ ತಂಪು ಜಾಗದಲ್ಲಿಟ್ಟು ಸಾಮಾನ್ಯವಾಗಿ 28 ದಿನದೊಳಗೆ ಮುಗಿಸಬೇಕು. ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗ ನಾವು ದೊಡ್ಡ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆಯಿಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿಡುತ್ತೇವೆ. ನೀರು ಆರುತ್ತಾ ಒಳಗೆ ತಂಪಾಗಿಸುತ್ತದೆ. ಅಜ್ಜಿಯ ಕಾಲದ ಬುದ್ಧಿ ಇಂದಿಗೂ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿ ಹೆಚ್ಚು ಬಳಕೆಯಲ್ಲಿದೆ, 100 ಯೂನಿಟ್‌ನದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಮದ್ದು ದೇಹಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಬಾಟಲಿ ಕೊಂಡಾಗಲೆಲ್ಲ ಎರಡನ್ನೂ ಹೊಂದಿಸಿ ನೋಡಿ.

ಸಕ್ಕರೆ ಇಳಿದಾಗ

ಸಕ್ಕರೆ ಏರುವುದು ನಿಧಾನದ ಅಪಾಯ. ಇಳಿಯುವುದು ನಿಮಿಷಗಳ ಅಪಾಯ. 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಸಂತೆಯಲ್ಲಿ ಇಂಥವನನ್ನು ಕಂಡರೆ ಕುಡಿದಿದ್ದಾನೆ ಎನ್ನುವವರಿದ್ದಾರೆ, ಜಿನ್ನ್ ಮೆಟ್ಟಿದೆ ಎನ್ನುವವರೂ ಇದ್ದಾರೆ.

ಆಗ ಮಾಡಬೇಕಾದದ್ದು ಸುಲಭ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಬಿಸ್ಕತ್ತೋ ರೊಟ್ಟಿಯೋ ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಒಂದು ಬದಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ.

"ಸಕ್ಕರೆ ಕಾಯಿಲೆಯವನು ಸಕ್ಕರೆ ತಿನ್ನುತ್ತಾನೆ ನೋಡಿ" ಎಂದು ನಗುವವರು ಇದನ್ನು ತಿಳಿಯಲಿ. ಆ ಹೊತ್ತಿನಲ್ಲಿ ಅವನಿಗೆ ಸಕ್ಕರೆಯೇ ಮದ್ದು.

ರೋಗಿಯ ರಿಯಾಯಿತಿ ಮತ್ತು ಊರ ಬಾಯಿ

ಕಳೆದ ಶಅಬಾನ್‌ನಲ್ಲಿ ನಮ್ಮ ಖತೀಬರು ಜುಮಾ ಖುತ್ಬಾದಲ್ಲಿ ರೋಗಿಗಳ ವಿಷಯ ತೆಗೆದರು. ಉಪವಾಸವನ್ನು ಕಡ್ಡಾಯಗೊಳಿಸಿದ ಸೂರಾ ಅಲ್ ಬಕರಾದ 184 ಮತ್ತು 185ನೇ ಸೂಕ್ತಗಳಲ್ಲೇ ಅಲ್ಲಾಹನು ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ಕೊಟ್ಟಿದ್ದಾನೆ, ತನ್ನ ದಾಸರಿಗೆ ಸುಲಭವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂದು ವಿವರಿಸಿದರು. ನಂತರ ಅಬೂದಾವೂದ್‌ನಲ್ಲಿ ಜಾಬಿರ್(ರ) ಅವರಿಂದ ವರದಿಯಾದ ಒಂದು ಘಟನೆ ಹೇಳಿದರು. ಪ್ರಯಾಣದಲ್ಲಿ ಒಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ, ತಯಮ್ಮುಮ್‌ನ ರಿಯಾಯಿತಿ ತನಗಿದೆಯೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುತ್ತಿರುವಾಗ ಇಲ್ಲ ಎಂದರು ಅವರು. ಆತ ಸ್ನಾನ ಮಾಡಿ ತೀರಿಹೋದರು. ಸುದ್ದಿ ತಿಳಿದ ಪ್ರವಾದಿ(ಸ) ಬಹಳ ನೊಂದರು. ಆ ಸಾವಿನ ಹೊಣೆಯನ್ನು ಹಾಗೆ ಹೇಳಿದವರ ಮೇಲೆಯೇ ಹೊರಿಸಿದರು. ಗೊತ್ತಿಲ್ಲದವರು ಕೇಳಿ ತಿಳಿಯಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂಬರ್ಥದಲ್ಲಿ ಬುದ್ಧಿ ಹೇಳಿದರು.

ಗಂಡಸರ ಸಾಲಿನಲ್ಲಿ ಕುಳಿತು ಕೇಳಿದ ನಮ್ಮಲ್ಲಿ ಒಬ್ಬರು ಮನೆಗೆ ಬಂದು ಹೇಳಿದಾಗ, ಇನ್ನೊಬ್ಬರು ಕೆಲಸ ಬಿಟ್ಟು ಕುಳಿತುಬಿಟ್ಟರು. ಆ ಜೊತೆಗಾರರು ಕೆಟ್ಟವರಲ್ಲ, ದೀನಿನ ಮೇಲಿನ ಕಾಳಜಿಯಿಂದಲೇ ಹೇಳಿದ್ದರು. ನಮ್ಮ ಮಗನನ್ನು ಗದರಿಸಿದವರೂ ಹಾಗೆಯೇ. ಕೇಳದೆ ತೀರ್ಪು ಕೊಟ್ಟದ್ದೊಂದೇ ತಪ್ಪು.

ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ರಮಝಾನ್ ಕುರಿತು 2021ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ಟೈಪ್ ಒನ್ ಇರುವವರನ್ನು ಸಾಮಾನ್ಯವಾಗಿ ಹೆಚ್ಚು ಅಪಾಯದ ಗುಂಪಿನಲ್ಲಿಡುತ್ತದೆ. ಉಪವಾಸದಲ್ಲಿದ್ದಾಗ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಕೂಡಲೇ ಉಪವಾಸ ಬಿಡಬೇಕೆಂದು ಅದು ಹೇಳುತ್ತದೆ, ಇಫ್ತಾರ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಸರಿ. ರೋಗ ಚೆನ್ನಾಗಿ ಹಿಡಿತದಲ್ಲಿರುವ ಕೆಲವು ದೊಡ್ಡವರು ವೈದ್ಯರ ನಿಗಾದಲ್ಲಿ ಉಪವಾಸ ಹಿಡಿಯುವುದುಂಟು. ಅದನ್ನು ವೈದ್ಯರೊಂದಿಗೆ ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ನಿರ್ಧರಿಸಬೇಕು, ಊರ ಬಾಯಿಗೆ ಹೆದರಿ ಅಲ್ಲ. ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ. ಚರ್ಮದಡಿಯ ಇನ್ಸುಲಿನ್‌ನಿಂದಲೂ ಮುರಿಯುವುದಿಲ್ಲ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ವಾಸಿಯಾಗುವ ಭರವಸೆಯಿಲ್ಲದ ರೋಗದಿಂದ ಉಪವಾಸ ಸಾಧ್ಯವಾಗದವರು ಪ್ರತಿ ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಡುವ ಫಿದ್ಯಾದ ದಾರಿಯಿದೆ. ತಮ್ಮ ತಮ್ಮ ಸ್ಥಿತಿಗೆ ಯಾವುದು ಅನ್ವಯ ಎಂಬುದನ್ನು ಆಲಿಮ್‌ರಲ್ಲಿ ಕೇಳಿ ತಿಳಿಯಬೇಕು.

ನಮ್ಮ ಮಗ ಈಗ ತನ್ನ ಕೈಯಿಂದಲೇ ಫಿದ್ಯಾದ ಊಟದ ಡಬ್ಬಿ ಕೊಂಡೊಯ್ದು ಕೊಟ್ಟು ಬರುತ್ತಾನೆ. ಮಗ್ರಿಬ್ ಹೊತ್ತಿಗೆ ನಮ್ಮೊಂದಿಗೆ ದಸ್ತರ್‌ಖಾನ್ ಮುಂದೆ ಕೂರುತ್ತಾನೆ. ಖರ್ಜೂರ, ಗಂಜಿ ಎಷ್ಟು ತಿನ್ನಬೇಕೆಂಬ ಲೆಕ್ಕ ಅವನಿಗೇ ಗೊತ್ತು.

ತಾಯಿತ, ಹಲಾಲ್, ಮದುವೆ

ದುಆ ಮಾಡಿಸಿ, ಅದು ನಮ್ಮ ಬಲ. ಆದರೆ ಇನ್ಸುಲಿನ್ ನಿಲ್ಲಿಸಿ ಎನ್ನುವವರು ಯಾರೇ ಆಗಿರಲಿ, ಯಾವ ಬೇರು ಕಷಾಯ ಕೊಟ್ಟರೂ ಕೇಳಬೇಡಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವವರೆಗೆ ಈ ರೋಗ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಅದನ್ನು ಕೊಟ್ಟರು, ಸಾಯುವ ಹಂತದಲ್ಲಿದ್ದವನು ಚೇತರಿಸಿಕೊಂಡ. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ರೋಗ ಕೊಟ್ಟ ಅಲ್ಲಾಹನೇ ಮದ್ದನ್ನೂ ಇಳಿಸಿದ್ದಾನೆ ಎಂಬುದು ನಮ್ಮ ವಿಶ್ವಾಸ, ಈ ಬಾಟಲಿ ಆ ಮದ್ದುಗಳಲ್ಲಿ ಒಂದು.

ಇನ್ಸುಲಿನ್ ಹಂದಿಯಿಂದ ಬರುತ್ತದಂತೆ ಎಂದು ಕೇಳುವವರಿದ್ದಾರೆ. ಹಿಂದೆ ಹಸು ಮತ್ತು ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1982ರಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಂತು. ಬೆಂಗಳೂರಿನ ಬಯೋಕಾನ್ 2004ರಿಂದ ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ ಮಾರುತ್ತಿದೆ. ಇಂದು ಸಾಮಾನ್ಯವಾಗಿ ಸಿಗುವುದು ಇಂಥದ್ದೇ.

ಹೆಣ್ಣುಮಕ್ಕಳ ತಾಯಿತಂದೆಯರ ಚಿಂತೆ ಇನ್ನೂ ದೊಡ್ಡದು. ಸಂಬಂಧ ತಪ್ಪುತ್ತದೆಂದು ರೋಗವನ್ನು ಮುಚ್ಚಿಡುತ್ತಾರೆ. ಮದುವೆಯಾದ ಮೇಲೆ ಆ ಹುಡುಗಿ ಬಚ್ಚಲಲ್ಲಿ ಕದ್ದು ಚುಚ್ಚಿಕೊಳ್ಳಬೇಕು, ಒಂದು ದಿನ ಬಿಟ್ಟುಹೋದರೆ ಜೀವಕ್ಕೇ ಸಂಚಕಾರ. ಸಕ್ಕರೆಯನ್ನು ಹಿಡಿತದಲ್ಲಿಟ್ಟು, ವೈದ್ಯರ ಸಲಹೆಯಂತೆ ನಡೆದರೆ ಇಂಥ ಹೆಣ್ಣುಮಕ್ಕಳು ಸಂಸಾರ ನಡೆಸಬಲ್ಲರು, ಆರೋಗ್ಯವಂತ ಮಕ್ಕಳನ್ನು ಹೆರಬಲ್ಲರು. ನಿಜ ಹೇಳಿ ಮಾಡಿದ ನಿಕಾಹ್‌ನಲ್ಲಿ ಬರಕತ್ ಇದೆ.

ನಾವು ಏನು ಮಾಡಬಹುದು

ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಮಧುಮೇಹದ ತಪಾಸಣೆ ನಡೆಯುತ್ತದೆ, ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅಲ್ಲಿ ಹೆಸರು ಬರೆಸಿ, ತಪ್ಪದೆ ಕೇಳಿ ಪಡೆಯಿರಿ. ಆದರೆ ಪರೀಕ್ಷಾ ಪಟ್ಟಿ, ಸೂಜಿ, ಬಸ್ ಖರ್ಚು ಸೇರಿದರೆ ಕೂಲಿಯವನ ಮನೆಗೆ ಭಾರ. ಪಕ್ಕದ ಕೇರಳದಲ್ಲಿ 'ಮಿಠಾಯಿ' ಎಂಬ ಸರ್ಕಾರಿ ಯೋಜನೆ ಇಂಥ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುತ್ತದೆ, ಕಾಸರಗೋಡಿನ ಕನ್ನಡ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ನಮ್ಮಲ್ಲೂ ಅಂಥದ್ದು ಬೇಕೆಂದು ಒಟ್ಟಾಗಿ ಕೇಳಬೇಕು. ಅದು ಬರುವವರೆಗೆ ಜಮಾಅತಿನ ಬೈತುಲ್‌ಮಾಲ್‌ನಿಂದ ಅರ್ಹ ಬಡ ಮಕ್ಕಳ ಪರೀಕ್ಷಾ ಪಟ್ಟಿಗೆ ಹಣ ಕೊಡಬಹುದು.

ಮದ್ರಸಾ ಮತ್ತು ಶಾಲೆಯ ಶಿಕ್ಷಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂಥ ಮಗು ನೀರು ಕುಡಿಯಲು, ಮೂತ್ರಕ್ಕೆ ಹೋಗಲು, ತರಗತಿಯಲ್ಲೇ ಏನಾದರೂ ತಿನ್ನಲು ಕೇಳಿದರೆ ತಡೆಯಬೇಡಿ. ಸಿಬಿಎಸ್‌ಇ 2017ರಿಂದಲೇ ಬೋರ್ಡ್ ಪರೀಕ್ಷೆಯ ಕೋಣೆಯೊಳಗೆ ಟೈಪ್ ಒನ್ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ. ಬೇರೆ ಶಾಲೆಯವರು ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರಲ್ಲಿ ಮೊದಲೇ ಕೇಳಿಕೊಳ್ಳಿ.

ನಮ್ಮ ಮಸೀದಿಯಲ್ಲಿ ಈಗ ವುಝೂ ಕಟ್ಟೆಯ ಪಕ್ಕದ ಗೂಡಿನಲ್ಲಿ ಒಂದು ಡಬ್ಬಿ ಸಕ್ಕರೆ ಇದೆ. ತಂದಿಟ್ಟವರು ಆ ಹಿರಿಯರೇ. ಅದು ಖಾಲಿಯಾಗದಂತೆ ನೋಡಿಕೊಳ್ಳುವವರೂ ಅವರೇ. ಮಗ ಒಮ್ಮೆ ಅದರಿಂದ ತೆಗೆದುಕೊಂಡಾಗ ಅವರು ಏನನ್ನೂ ಕೇಳಲಿಲ್ಲ, ಲೋಟದಲ್ಲಿ ನೀರು ಹಿಡಿದು ಕೊಟ್ಟರಂತೆ.

ಈ ರಮಝಾನ್‌ನಲ್ಲಿ ಹಗಲು ಹೊತ್ತು ಯಾರಾದರೂ ತಿನ್ನುವುದು, ಕುಡಿಯುವುದು ಕಂಡರೆ ಒಳ್ಳೆಯದನ್ನೇ ಭಾವಿಸಿ. ಅವರ ದೇಹದೊಳಗೆ ಏನಿದೆಯೆಂದು ಅಲ್ಲಾಹನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ನೋಡಿಕೊಳ್ಳುವವರಿಗೆ ಸಬ್ರ್ ನೀಡಲಿ. ಆಮೀನ್.